ರಾಯಚರ್ಲಿಗೆ ಐದು ದಿನದ ದಾರಿ

ಬೆಂಗಳೂರಿನಿಂದ ಪಾವಗಡ ತಾಲ್ಲೂಕಿನ ರಾಯಚರ್ಲಿಗೆ ಕಾರಿನಲ್ಲಿ ನಾಲ್ಕು ಗಂಟೆ ಸಾಕು. ಬೆಳಿಗ್ಗೆ ಹೊರಟವರು ಸೋಲಾರ್ ಪಾರ್ಕ್ ನೋಡಿ, ಫೋಟೊ ತೆಗೆದುಕೊಂಡು, ರಾತ್ರಿ ಊಟದ ಹೊತ್ತಿಗೆ ಮನೆ ಸೇರಬಹುದು. ನಾವು ಐದು ದಿನ ತೆಗೆದುಕೊಂಡೆವು. ಸಿರಾ, ಮಧುಗಿರಿ, ಪಾವಗಡ, ಕೊರಟಗೆರೆ ಈ ನಾಲ್ಕು ತಾಲ್ಲೂಕುಗಳನ್ನು ಹೆದ್ದಾರಿಯ ಕಿಟಕಿಯಿಂದ ನೂರು ಸಲ ನೋಡಿದ್ದೆ. ನೋಡಿದ್ದೇನೆ ಎಂದುಕೊಂಡಿದ್ದೆ ಅಷ್ಟೆ.

ಇದಕ್ಕೆ ಪ್ರೇರಣೆ ಜರ್ಮನಿಯಲ್ಲಿರುವ ನನ್ನ ಭಾವಮೈದುನ. ಅಲ್ಲಿಗೆ ಹೋದ ಹೊಸದರಲ್ಲಿ ಗಂಡ ಹೆಂಡತಿ ಕಾರು ಬಾಡಿಗೆಗೆ ಹಿಡಿದು ಹನ್ನೆರಡು ದಿನದಲ್ಲಿ ಏಳು ದೇಶ ಸುತ್ತಿದ್ದರಂತೆ. ಆ ಪ್ರವಾಸದಿಂದ ಅವರಿಗೆ ನೆನಪಿರುವುದು ಪೆಟ್ರೋಲ್ ಬಂಕುಗಳು ಮತ್ತು ಪಾರ್ಕಿಂಗ್ ಹುಡುಕಾಟ. ಮುಂದಿನ ಸಲ ಒಂದೇ ಒಂದು ನದಿ ಆರಿಸಿಕೊಂಡರು. ಫ್ರಾನ್ಸಿನಲ್ಲಿ ಹುಟ್ಟಿ, ಲಕ್ಸೆಂಬರ್ಗಿನ ಅಂಚು ಸವರಿ, ಜರ್ಮನಿಯ ಕೊಬ್ಲೆನ್ಸ್ ಊರಿನಲ್ಲಿ ರೈನ್ ನದಿಯನ್ನು ಸೇರುವ ಮೊಸೆಲ್. ರೋಮನ್ನರ ಕಾಲದ ಕಪ್ಪುಗಟ್ಟಿದ ಕಲ್ಲಿನ ಹೆಬ್ಬಾಗಿಲು ಇಂದಿಗೂ ನಿಂತಿರುವ ಟ್ರಿಯರ್ ಪಟ್ಟಣದಿಂದ ಕೊಬ್ಲೆನ್ಸ್‌ಗೆ ಹೆದ್ದಾರಿಯಲ್ಲಿ ಒಂದೂವರೆ ಗಂಟೆ. ಅವರು ನದಿಯ ಪಕ್ಕದ ಸಣ್ಣ ರಸ್ತೆ ಹಿಡಿದು, ದ್ರಾಕ್ಷಿತೋಟದ ಹಳ್ಳಿಗಳಲ್ಲಿ ತಂಗುತ್ತಾ ಒಂದು ವಾರ ತೆಗೆದುಕೊಂಡರು. ಆ ಒಂದು ವಾರದ ಒಂದೊಂದು ದಿನವೂ ಅವರಿಗೆ ಬೇರೆಬೇರೆಯಾಗಿ ನೆನಪಿದೆ. ಯಾವ ಮನೆಯಲ್ಲಿ ಯಾವ ಅಜ್ಜಿ ಯಾವ ಸೂಪು ಕೊಟ್ಟಳು ಎನ್ನುವವರೆಗೆ.

ಯುರೋಪಿನಲ್ಲಿ ಈ ನಿಧಾನಕ್ಕೆ ಒಂದು ಚಳವಳಿಯ ರೂಪವೇ ಬಂದಿದೆ. 1986ರಲ್ಲಿ ರೋಮ್ ನಗರದ ಹೃದಯಭಾಗದಲ್ಲಿ ಮೆಕ್‌ಡೊನಾಲ್ಡ್ಸ್ ಬಂದಾಗ ಕಾರ್ಲೊ ಪೆಟ್ರಿನಿ ಮತ್ತವರ ಗೆಳೆಯರು ಎತ್ತಿದ ವಿರೋಧದಿಂದ ‘ಸ್ಲೋ ಫುಡ್’ ಹುಟ್ಟಿತು. 1999ರಲ್ಲಿ ಇಟಲಿಯ ಕೆಲವು ಸಣ್ಣ ಊರುಗಳು ಸೇರಿ ನಿಧಾನದ ಊರುಗಳ ಒಕ್ಕೂಟ ಕಟ್ಟಿಕೊಂಡವು. ಅದರ ಗುರುತು ಬಸವನಹುಳು. ಊಟದಿಂದ ಊರಿಗೆ, ಊರಿನಿಂದ ಪಯಣಕ್ಕೆ ಆ ವಿಚಾರ ಹಬ್ಬಿತು.

ಕಳೆದ ಫೆಬ್ರುವರಿಯಲ್ಲಿ ಅವರಿಬ್ಬರೂ ರಜೆಗೆ ಬಂದಾಗ, ಇಲ್ಲೂ ಹಾಗೆ ಒಂದು ಪಯಣ ಮಾಡೋಣ ಎಂದರು. ಎಲ್ಲರಂತೆ ನಾನೂ ಕೊಡಗು, ಚಿಕ್ಕಮಗಳೂರು ಎಂದೆ. ನನ್ನ ಹೆಂಡತಿ ಮಾತ್ರ, ಹಸಿರು ಇರೋ ಕಡೆ ಯಾರು ಬೇಕಾದರೂ ನಿಲ್ತಾರೆ, ನಮ್ಮ ಕಡೆ ಹೋಗೋಣ ಎಂದಳು. ಅವಳ ತವರು ಮಧುಗಿರಿ ಕಡೆ. ಹಾಗೆ ದಾರಿ ಗೊತ್ತಾಯಿತು.

ಯೋಜನೆ ಹಾಕುವುದು ಸುಲಭ. ಭಾವಮೈದುನ ಯುರೋಪಿನಲ್ಲಿ ಕಲಿತದ್ದನ್ನೇ ಇಲ್ಲಿಗೆ ಅನ್ವಯಿಸಿದೆವು. ದಿನಕ್ಕೆ ಅರವತ್ತು ಎಪ್ಪತ್ತು ಕಿಲೋಮೀಟರ್ ಮೀರಬಾರದು. ಮಧ್ಯಾಹ್ನ ಹನ್ನೆರಡರಿಂದ ಮೂರೂವರೆವರೆಗೆ ಕಾರು ನೆರಳಿನಲ್ಲಿ ನಿಲ್ಲಬೇಕು. ಈ ಸೀಮೆಯ ಬಿಸಿಲಿಗೆ ಬೇರೆ ದಾರಿಯೂ ಇಲ್ಲ. ನೋಡಲೇಬೇಕಾದ ಜಾಗಗಳ ಪಟ್ಟಿಯಲ್ಲಿ ಅರ್ಧವನ್ನು ಹೊರಡುವ ಮುಂಚೆಯೇ ಹೊಡೆದು ಹಾಕಬೇಕು. ಕೊರಟಗೆರೆಯನ್ನು ಹಿಂತಿರುಗುವ ದಾರಿಗೆ ಇಟ್ಟುಕೊಂಡೆವು. ಸಿದ್ದರಬೆಟ್ಟ, ಗೊರವನಹಳ್ಳಿಯ ಮಹಾಲಕ್ಷ್ಮಿ, ಚನ್ನರಾಯನದುರ್ಗದ ಕೋಟೆ, ಜಯಮಂಗಲಿ ನದಿಗೆ ಕಟ್ಟಿದ ತೀತಾ ಜಲಾಶಯ, ಇವೆಲ್ಲ ತುಮಕೂರಿಗೆ ಹತ್ತಿರ. ಒಂದು ಭಾನುವಾರ ಸಾಕು ಎನ್ನುವವರು ಅಲ್ಲಿಂದಲೇ ಶುರು ಮಾಡಬಹುದು.

ಈ ದಾರಿಯಲ್ಲಿ ನಿಧಾನವಾಗಿ ಹೋದವರಲ್ಲಿ ನಾವು ಮೊದಲಿಗರೇನಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ವರ್ಷಕ್ಕೂ ಮೀರಿ ಸುತ್ತಿದ. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆ ಅದು. ಮಧುಗಿರಿ, ಸಿರಾ ಎರಡೂ ಅವನ ದಾರಿಯಲ್ಲಿದ್ದವು. ಹೇರೆತ್ತುಗಳು ನಡೆಯುವ ವೇಗವೇ ಅವನ ವೇಗ. ಹಾಗಾಗಿ ಅವನ ಕಣ್ಣಿಗೆ ಯಾವ ನೆಲದಲ್ಲಿ ಏನು ಬಿತ್ತುತ್ತಾರೆ, ಮಧುಗಿರಿ ಚನ್ನರಾಯನದುರ್ಗದ ಸುತ್ತ ಕಬ್ಬಿಣ ಹೇಗೆ ಕರಗಿಸುತ್ತಾರೆ, ದನ ಸಾಕುವ ಗೊಲ್ಲರು ಹೇಗೆ ಬದುಕುತ್ತಾರೆ ಎಂಬುದೆಲ್ಲ ಬಿತ್ತು. 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾದ ಆ ಪುಸ್ತಕ ಗೆದ್ದವರು ಗೆದ್ದ ನೆಲದ ಲೆಕ್ಕ ತೆಗೆಯಲು ಬರೆಸಿದ್ದು, ಅದನ್ನು ಮರೆಯಬಾರದು. ಆದರೂ ಇನ್ನೂರು ವರ್ಷದ ಹಿಂದಿನ ನಮ್ಮ ರೈತರ ಹೊಲಮನೆ ತಿಳಿಯಬೇಕಾದರೆ ಇಂದಿಗೂ ಅವನಲ್ಲಿಗೇ ಹೋಗಬೇಕು. ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಹೋಗುವವರು ಯಾರೂ ಅಂಥ ಪುಸ್ತಕ ಬರೆಯಲಾರರು.

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದು, ತುಮಕೂರು ದಾಟಿ, ಸಿರಾ ಹೆದ್ದಾರಿಯಲ್ಲಿ ಮೊದಲು ನಿಂತದ್ದು ಸೀಬಿಯಲ್ಲಿ. ರಸ್ತೆಯ ಪಕ್ಕದಲ್ಲೇ ನರಸಿಂಹಸ್ವಾಮಿ ದೇವಸ್ಥಾನ. ಮುಂಬೈ ಕಡೆಗೆ ಹೋಗುವ ಲಾರಿಗಳ ಸದ್ದು ಒಳಗೂ ಕೇಳುತ್ತದೆ. ಧಾನ್ಯದ ಹೇರು ಹೊತ್ತ ಎತ್ತುಗಳೊಂದಿಗೆ ವ್ಯಾಪಾರಿಯೊಬ್ಬ ಇಲ್ಲಿ ತಂಗಿದ, ಒಲೆಯ ಮೇಲಿಟ್ಟ ಧಾನ್ಯ ರಕ್ತದ ಬಣ್ಣಕ್ಕೆ ತಿರುಗಿತು, ಒಲೆಗುಂಡೇ ದೇವರೆಂದು ಆಮೇಲೆ ತಿಳಿಯಿತು ಎಂದು ಸ್ಥಳದ ಕಥೆ. ದಾರಿಹೋಕ ತಂಗಿದ್ದರಿಂದ ಹುಟ್ಟಿದ ಗುಡಿ. ಈಗಿನ ಕಟ್ಟಡ ಟಿಪ್ಪುವಿನ ಕಾಲದ ಅಧಿಕಾರಿ ಕಚೇರಿ ಕೃಷ್ಣಪ್ಪನವರ ಮೂವರು ಮಕ್ಕಳು ಕಟ್ಟಿಸಿದ್ದು. ಮುಖಮಂಟಪದ ಛಾವಣಿಯ ತುಂಬ ಚಿತ್ರಗಳು. ಕತ್ತು ನೋಯುವ ತನಕ ಮೇಲೆ ನೋಡಬೇಕು. ಪುರಾಣದ ಕಥೆಗಳ ಜೊತೆಗೆ ದರ್ಬಾರು, ಮೆರವಣಿಗೆ, ಕುದುರೆ ಸಿಪಾಯಿಗಳು. ಅಲ್ಲಿ ಅರ್ಧ ಗಂಟೆ ಎಂದುಕೊಂಡಿದ್ದು ಎರಡು ಗಂಟೆಯಾಯಿತು.

ಸಿರಾ ಎಂದರೆ ನಮಗೆ ಬಸ್ಸು ಟೀಗೆ ನಿಲ್ಲಿಸುವ ಊರು. ಆದರೆ ಒಂದು ಕಾಲದಲ್ಲಿ ಕೋಲಾರ, ಹೊಸಕೋಟೆ, ದೊಡ್ಡಬಳ್ಳಾಪುರ, ಪೆನುಕೊಂಡೆ, ಬಸವಾಪಟ್ಟಣ, ಬೂದಿಹಾಳಗಳೆಲ್ಲ ಇಲ್ಲಿಂದ ಆಳಿಸಿಕೊಳ್ಳುತ್ತಿದ್ದವು. ರತ್ನಗಿರಿಯ ಕಸ್ತೂರಿ ರಂಗಪ್ಪನಾಯಕ ಕಟ್ಟಲು ಶುರು ಮಾಡಿದ ಕೋಟೆಯನ್ನು 1638ರಲ್ಲಿ ವಿಜಯಪುರದ ರಣದುಲ್ಲಾಖಾನ್ ಹಿಡಿದ. 1687ರಲ್ಲಿ ಮೊಗಲರು ಬಂದು ಇದನ್ನು ಒಂದು ಸುಬಾದ ರಾಜಧಾನಿ ಮಾಡಿದರು. ಹೈದರಾಲಿಗೆ 1761ರಲ್ಲಿ ದೊರೆತ ನವಾಬಗಿರಿಯೂ ಸಿರಾದ್ದೇ. ಆಮೇಲೆ ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಗಂಜಾಮನ್ನು ತುಂಬಿಸಲು ಇಲ್ಲಿಂದ 12,000 ಮನೆತನಗಳನ್ನು ಒಕ್ಕಲೆಬ್ಬಿಸಿ ಕರೆದೊಯ್ದರೆಂದು ಗೆಜೆಟಿಯರ್ ಹೇಳುತ್ತದೆ. ಊರು ಆ ಪೆಟ್ಟಿನಿಂದ ಮತ್ತೆ ಮೇಲೇಳಲಿಲ್ಲ. ಸುಬೇದಾರ ಮಲಿಕ್ ರಿಹಾನನ ಗೋರಿ ಮಾತ್ರ ಹಾಗೇ ಇದೆ. ಗುಮ್ಮಟದ ಬುಡದಲ್ಲಿ ಕಲ್ಲಿನ ತಾವರೆಯ ದಳಗಳು ಅರಳಿವೆ, ಮೂಲೆಗಳಲ್ಲಿ ಸಣ್ಣ ಮಿನಾರುಗಳು. ವಿಜಯಪುರದ ಗುಮ್ಮಟಗಳ ಪುಟ್ಟ ತಂಗಿಯಂತೆ ಕಾಣುತ್ತದೆ. 1696ರ ಜುಮ್ಮಾ ಮಸೀದಿಯೂ ಹತ್ತಿರದಲ್ಲೇ. ಎರಡನ್ನೂ ನಾವು ಸಂಜೆ ನೋಡಿದೆವು. ಆ ಹೊತ್ತಿಗೆ ಕಲ್ಲಿನ ಮೇಲೆ ಬೀಳುವ ಬೆಳಕು ತಾನಾಗಿ ಕಾಲು ಕಟ್ಟಿಹಾಕುತ್ತದೆ.

ಮರುದಿನ ಬೆಳಿಗ್ಗೆ ಕಗ್ಗಲಡು. ಸಿರಾದಿಂದ ಹತ್ತು ಕಿಲೋಮೀಟರೂ ಆಗದು. ಪಕ್ಷಿಧಾಮ ಎಂದೊಡನೆ ಕೆರೆ, ದೋಣಿ, ಟಿಕೆಟ್ ಕೌಂಟರ್ ಕಣ್ಮುಂದೆ ಬರುತ್ತದಲ್ಲ, ಇಲ್ಲಿ ಅದೇನೂ ಇಲ್ಲ. ಊರ ನಡುವಿನ ಹುಣಸೆ ಮರಗಳೇ ಪಕ್ಷಿಧಾಮ. ಮನೆಗಳ ಹೆಂಚಿನ ಮೇಲೆ ಬಾಗಿದ ಕೊಂಬೆಯಲ್ಲಿ ಬಣ್ಣದ ಕೊಕ್ಕರೆಗಳ ಗೂಡು. ಹತ್ತಿರದಿಂದ ನೋಡಿದರೆ ಎಂಥ ಹಕ್ಕಿ! ಬಿಳಿ ಮೈ, ರೆಕ್ಕೆಯಲ್ಲಿ ಕಪ್ಪು ಪಟ್ಟೆ, ಬಾಲದ ಬಳಿ ಯಾರೋ ಗುಲಾಲು ಎರಚಿದಂಥ ಗುಲಾಬಿ ಗರಿ, ತುದಿಯಲ್ಲಿ ಕೊಂಚ ಬಾಗಿದ ಹಳದಿ ಕೊಕ್ಕು. ಗಂಡು ಒಣ ಕಡ್ಡಿಯೊಂದನ್ನು ಕಚ್ಚಿ ತಂದು ಇಳಿಯಿತು. ಹೆಣ್ಣು ಅದನ್ನು ತೆಗೆದುಕೊಂಡು ಗೂಡಿನಲ್ಲಿ ಒಂದು ಕಡೆ ಇಟ್ಟಿತು, ಒಪ್ಪಿಗೆಯಾಗಲಿಲ್ಲ, ಕಿತ್ತು ಇನ್ನೊಂದು ಕಡೆ ಸಿಕ್ಕಿಸಿತು. ಹೀಗೆ ನಾಲ್ಕು ಸಲ. ಕೆಳಗೆ ಒಬ್ಬ ಹೆಂಗಸು ಅಂಗಳ ಗುಡಿಸುತ್ತಿದ್ದಳು, ಮೇಲಿನಿಂದ ಬಿದ್ದ ಹಿಕ್ಕೆಯನ್ನೂ ಸೇರಿಸಿ. ಗೂಡು ಕಟ್ಟಿದ ಮರದಲ್ಲಿ ಹುಣಸೆಹಣ್ಣು ಬಡಿಯುವಂತಿಲ್ಲ, ಮೀನಿನ ನಾತ ಬೇರೆ. ಇದನ್ನೆಲ್ಲ ಸಹಿಸಿಕೊಂಡು ಆ ಊರಿನವರು ಹಕ್ಕಿಗಳನ್ನು ಕಾಯುತ್ತಾ ಬಂದಿದ್ದಾರೆ. ಕೊಕ್ಕರೆ ಬೆಳ್ಳೂರಿನಲ್ಲಿ ಇವನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ. ಕಗ್ಗಲಡುವಿನ ಆ ಅಂಗಳದಲ್ಲಿ ನಿಂತಾಗ ಆ ಮಾತು ಎಷ್ಟು ನಿಜ ಎನಿಸಿತು.

ಅಲ್ಲಿಂದ ಮುಂದಿನ ದಾರಿಯಲ್ಲಿ ಗಡಿ ನಮ್ಮೊಂದಿಗೆ ಕಣ್ಣಾಮುಚ್ಚಾಲೆ ಆಡಲು ಶುರು ಮಾಡಿತು. ಈ ಸೀಮೆಯಲ್ಲಿ ಆಂಧ್ರ ಎಲ್ಲಿ ಮುಗಿದು ಕರ್ನಾಟಕ ಎಲ್ಲಿ ಶುರುವಾಗುತ್ತದೆ ಎಂದು ಬೋರ್ಡು ನೋಡದೆ ಹೇಳುವುದು ಕಷ್ಟ. ಭಾವಮೈದುನನಿಗೆ ಮೊಸೆಲ್ ದಂಡೆಯ ಶೆಂಗನ್ ನೆನಪಾಯಿತು. 1985ರ ಜೂನ್ 14ರಂದು ಯುರೋಪಿನ ಐದು ದೇಶಗಳು ಗಡಿ ತಪಾಸಣೆ ಕೈಬಿಡುವ ಒಪ್ಪಂದಕ್ಕೆ ಸಹಿ ಹಾಕಿದ್ದು ಆ ಪುಟ್ಟ ದ್ರಾಕ್ಷಿಹಳ್ಳಿಯ ಬಳಿ. ಅವರಿಗೆ ಅದೊಂದು ಐತಿಹಾಸಿಕ ಘಟನೆ. ಇಲ್ಲಿ ಅಮರಾಪುರ, ರೊಳ್ಳ, ಮಡಕಶಿರಾ ಕಡೆಯ ಜನ ಸಂತೆಗೆ, ಮದುವೆಗೆ, ಜಾತ್ರೆಗೆ ಎಂದಿನಿಂದಲೂ ಹಾಗೇ ಬಂದು ಹೋಗುತ್ತಿದ್ದಾರೆ. 2022ರಿಂದ ಆ ಭಾಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಅಲ್ಲಿನ ಎಷ್ಟೋ ಮನೆಗಳ ಮಾತು ಕನ್ನಡವೇ.

ಅಮರಾಪುರದ ಬಳಿಯ ಹೇಮಾವತಿಗೆ ಹೋಗದಿದ್ದರೆ ಈ ಪಯಣ ಅರ್ಧ ಎಂದೇ ನನ್ನ ಅಭಿಪ್ರಾಯ. ಶಾಸನಗಳ ಹೆಂಜೇರು ಅದು, ನೊಳಂಬರ ರಾಜಧಾನಿ. ಕಪ್ಪು ಕಲ್ಲಿನಲ್ಲಿ ಕೊರೆದ ಜಾಲಂಧ್ರಗಳು, ಬಳ್ಳಿಯ ಸುರುಳಿಯೊಳಗೆ ಒಂದೊಂದು ಕಿರುಮೂರ್ತಿ. ಬೆರಳು ತಾಗಿದರೆ ಉದುರೀತು ಅನ್ನುವಷ್ಟು ನಾಜೂಕು. ಅಲ್ಲಿನ ಶಾಸನದ ಕನ್ನಡ ಅಕ್ಷರಗಳನ್ನು ನನ್ನ ಭಾವಮೈದುನನ ಹೆಂಡತಿ ಒಂದೊಂದಾಗಿ ಗುರುತು ಹಿಡಿಯುತ್ತಾ ಕೂತುಬಿಟ್ಟಳು. ನಮ್ಮ ರಾಜ್ಯದ ಗಡಿಯಿಂದ ಇಷ್ಟು ಹತ್ತಿರದಲ್ಲಿರುವ ಇಂಥ ಜಾಗಕ್ಕೆ ಕನ್ನಡಿಗರು ಹೋಗದಿರುವುದು ನಷ್ಟ.

ಸಿರಾ ತಾಲ್ಲೂಕಿನ ಇನ್ನೊಂದು ಜಾಗ, ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ. ಕಾಡುಗೊಲ್ಲರ ಸಾಂಸ್ಕೃತಿಕ ವೀರ ಜುಂಜಪ್ಪ. ದನಗಾಹಿಗಳ ಈ ದೈವದ ಕಾವ್ಯವನ್ನು ಆಳೆತ್ತರದ ಬಿದಿರಿನ ಗಣೆ ಊದುತ್ತಾ ಹಾಡುತ್ತಾರೆ. ಗಣೆಯ ದನಿ ಕೊಳಲಿಗಿಂತ ದಪ್ಪ, ಗಾಳಿ ತುಂಬಿಕೊಂಡ ದನಿ. ಇಲ್ಲಿನ ಕುರುಚಲು ಬಯಲಲ್ಲಿ ನಿಂತು ಕೇಳಿದರೆ ಅದು ಯಾಕೆ ಹಾಗಿದೆ ಎಂದು ಅರ್ಥವಾಗುತ್ತದೆ.

ಮೂರನೆಯ ದಿನ ಮಧುಗಿರಿ. ಬೆಳಗಿನ ಐದೂವರೆಗೇ ಬೆಟ್ಟದ ಬುಡದಲ್ಲಿದ್ದೆವು. ಸಮುದ್ರಮಟ್ಟದಿಂದ 3,930 ಅಡಿ ಎತ್ತರದಲ್ಲಿ ತುದಿಯಿರುವ ಒಂದೇ ಬಂಡೆ. ಏಷ್ಯಾದ ಅತಿ ದೊಡ್ಡ ಏಕಶಿಲೆಗಳಲ್ಲಿ ಒಂದೆಂದು ಹೆಸರು. ಹಿಂದೆ ಇಲ್ಲೆಲ್ಲ ಹೆಜ್ಜೇನು ಕಟ್ಟುತ್ತಿತ್ತು, ಅದಕ್ಕೇ ಮಧುಗಿರಿ ಎನ್ನುತ್ತಾರೆ. ಹಳಬರ ಬಾಯಲ್ಲಿ ಅದು ಇಂದಿಗೂ ಮದ್ದಗಿರಿ. ಆದರೆ ನನಗೆ ಹಿಡಿಸಿದ್ದು ಊರು ಹುಟ್ಟಿದ ಇನ್ನೊಂದು ಐತಿಹ್ಯ. ಪಾಳೆಯಗಾರ ರಾಜಾ ಹಿರೇಗೌಡನ ಹಿಂಡಿನಿಂದ ತಪ್ಪಿಸಿಕೊಂಡ ಕುರಿಯೊಂದು ಮೈಯಿಂದ ನೀರು ತೊಟ್ಟಿಕ್ಕಿಸುತ್ತಾ ವಾಪಸು ಬಂತಂತೆ. ಈ ಕಲ್ಲಿನಲ್ಲೂ ನೀರಿದೆ ಎಂದು ಗೊತ್ತಾದ ಮೇಲೆ ಊರು ಕಟ್ಟಿದರು, ಕೋಟೆ ಕಟ್ಟಿದರು. ಬೇರೆ ಕಡೆ ಕೋಟೆಯ ಕಥೆಗಳಲ್ಲಿ ಮೊಲ ನಾಯಿಯನ್ನು ಅಟ್ಟಿಸಿಕೊಂಡು ಹೋಗುತ್ತದೆ, ಗಂಡುಮೆಟ್ಟಿನ ನೆಲ ಎನ್ನುತ್ತಾರೆ. ಈ ಸೀಮೆಯ ಕಥೆಗೆ ಒದ್ದೆ ಕುರಿ ಸಾಕಾಯಿತು. ಇಲ್ಲಿ ಬೆಲೆಯಿರುವುದು ಯಾವುದಕ್ಕೆ ಎಂದು ಇದಕ್ಕಿಂತ ಚೆನ್ನಾಗಿ ಯಾರು ಹೇಳಬಲ್ಲರು?

ಮೊದಲ ಬಾಗಿಲುಗಳವರೆಗೆ ಮೆಟ್ಟಿಲು ಸುಲಭ. ಆಮೇಲೆ ಬಂಡೆಯ ಮೈಯಲ್ಲೇ ಕೊರೆದ ಹೆಜ್ಜೆಗುಳಿಗಳು. ಪಾದದ ಮುಂಭಾಗ ಮಾತ್ರ ಹಿಡಿಯುವಷ್ಟು ಜಾಗ, ಪಕ್ಕದಲ್ಲಿ ಕಬ್ಬಿಣದ ಕಂಬಿ. ತಿರುಗಿ ನೋಡಿದರೆ ಮಧುಗಿರಿಯ ಮನೆಗಳು ಬೆಂಕಿಪೊಟ್ಟಣ. ನಾವು ನಾಲ್ವರಲ್ಲಿ ಇಬ್ಬರೇ ತುದಿ ಮುಟ್ಟಿದ್ದು. ಉಳಿದಿಬ್ಬರು ಅರ್ಧದಲ್ಲಿದ್ದ ಬಾಗಿಲ ನೆರಳಿನಲ್ಲಿ ಕೂತರು. ಅವರಿಗೆ ಕಡಿಮೆ ಸಿಕ್ಕಿತು ಎಂದು ನನಗನಿಸಲಿಲ್ಲ. ಮೇಲೆ ಪಾಳುಬಿದ್ದ ಗುಡಿ, ಧಾನ್ಯದ ಕಣಜಗಳು, ಮಳೆನೀರು ಹಿಡಿಯಲು ಬಂಡೆಯಲ್ಲಿ ಮಾಡಿದ ದೊಣೆಗಳು. ಅಲ್ಲಿಂದ ಕಾಣುವ ನೋಟವನ್ನು ಮಾತ್ರ ಪ್ರತಿಯೊಬ್ಬರೂ ಒಮ್ಮೆ ನೋಡಬೇಕು. ಕಂದು ನೆಲದಲ್ಲಿ ಅಲ್ಲಲ್ಲಿ ಅರ್ಧಚಂದ್ರದಂಥ ಏರಿಗಳು. ಒಂದರ ಕೋಡಿಯ ನೀರು ಕೆಳಗಿನದಕ್ಕೆ, ಅದರ ಕೋಡಿ ಇನ್ನೂ ಕೆಳಗಿನದಕ್ಕೆ. ಸರಪಳಿಯಂತೆ ಜೋಡಿಸಿದ ಕೆರೆಗಳು. ಫೆಬ್ರುವರಿಗೆ ಹೆಚ್ಚಿನವು ಬತ್ತಿದ್ದವು. ರಸ್ತೆಯಲ್ಲಿ ಹೋಗುವಾಗ ಒಂದೊಂದು ಏರಿ ಒಂದು ತಿರುವು ಅಷ್ಟೆ. ಮೇಲಿನಿಂದ ನೋಡಿದಾಗ, ಮಳೆ ಕಡಿಮೆಯ ನಾಡನ್ನು ಬದುಕಿಸಲು ನೂರಾರು ವರ್ಷ ಜನ ಕೂಡಿ ಮಾಡಿದ ಒಂದೇ ಕೆಲಸವಾಗಿ ಅದು ಕಾಣುತ್ತದೆ. ಮಳೆಗಾಲದಲ್ಲಿ ಈ ಬಂಡೆ ಹತ್ತಬೇಡಿ, ಜಾರುತ್ತದೆ. ಬಿಸಿಲೇರಿದ ಮೇಲೂ ಬೇಡ.

ಇಳಿದು ಬಂದು ಅತ್ತೆಯ ಮನೆಯಲ್ಲಿ ಮುದ್ದೆ, ಅವರೆಕಾಳಿನ ಬಸ್ಸಾರು, ಹುರಿದ ಕಡ್ಲೆಕಾಯಿ ಚಟ್ನಿ. ಮೂರೂವರೆ ತನಕ ನಿದ್ದೆ. ಸಂಜೆ ಮೈದನಹಳ್ಳಿಯ ಕೃಷ್ಣಮೃಗಗಳು. ಜಯಮಂಗಲಿ ನದಿಯ ಕಡೆಯ ಈ 798 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ಕಾರು ನಿಲ್ಲಿಸಿ, ಇಂಜಿನ್ ಆರಿಸಿ, ಇಪ್ಪತ್ತು ನಿಮಿಷ ಮಾತಾಡದೆ ಕೂತೆವು. ಮೊದಲು ಬರೀ ಹುಲ್ಲು. ಆಮೇಲೆ ಹುಲ್ಲಿನ ಮೇಲೆ ಒಂದು ಜೋಡಿ ತಿರುಚು ಕೊಂಬು. ಆಮೇಲೆ ಎಣಿಸಲಾರದಷ್ಟು.

ನಾಲ್ಕನೆಯ ದಿನ ಪಾವಗಡದ ದಾರಿ. ಮಿಡಿಗೇಶಿಯ ಕೋಟೆ ಬೆಟ್ಟ ಎಡಬಿಡದೆ ಬಹಳ ದೂರ ಜೊತೆಗೇ ಬರುತ್ತದೆ. ಹಿಮ್ಮಡಿ ಮುಟ್ಟುವ ಕೂದಲಿದ್ದ ರಾಣಿಯ ಹೆಸರು ಆ ಊರಿಗೆ ಬಂತೆಂದು ಹೇಳುತ್ತಾರೆ. ನಿಡುಗಲ್ಲಿನ ದುರ್ಗವನ್ನು ದೂರದಿಂದಲೇ ನೋಡಿದೆವು. ಹೊಯ್ಸಳರಿಗೆ ಸಾಕಷ್ಟು ಕಾಟ ಕೊಟ್ಟ ಇರುಂಗೋಳನ ವಂಶದ ನೆಲೆ ಅದು. ಅದಕ್ಕೆ ಪ್ರತ್ಯೇಕ ಎರಡು ದಿನ ಬೇಕು, ಮುಂದಿನ ಸಲಕ್ಕೆ ಇಟ್ಟುಕೊಂಡಿದ್ದೇವೆ.

ಪಾವಗಡಕ್ಕೆ ಜನ ಬರುವುದು ಶನಿ ಮಹಾತ್ಮನ ದರ್ಶನಕ್ಕೆ. ಶನಿವಾರ ಊರು ತುಂಬಿ ತುಳುಕುತ್ತದೆ. ಶ್ರಾವಣದಲ್ಲಂತೂ ಕೇಳುವುದೇ ಬೇಡ. ನಾವು ಬೇಕೆಂದೇ ವಾರದ ನಡುವೆ ಹೋದೆವು. ಮೂರು ಕಡೆ ಆಂಧ್ರ ಸುತ್ತಿಕೊಂಡ ಈ ತಾಲ್ಲೂಕಿನಲ್ಲಿ ಒಂದೇ ವಾಕ್ಯ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ, ಯಾರಿಗೂ ಅದು ವಿಶೇಷ ಅನಿಸುವುದಿಲ್ಲ. ಬೆಳಿಗ್ಗೆ ಲಾಡ್ಜಿನ ಎದುರು ಕಂಡ ದೃಶ್ಯ ಮಾತ್ರ ನನ್ನ ಕಣ್ಣಿಂದ ಹೋಗುತ್ತಿಲ್ಲ. ಶುದ್ಧ ನೀರಿನ ಘಟಕದ ಮುಂದೆ ಇಪ್ಪತ್ತು ಲೀಟರಿನ ಕ್ಯಾನುಗಳ ಸಾಲು. ಬೈಕಿಗೆ ಎರಡೂ ಕಡೆ ಕ್ಯಾನು ಕಟ್ಟಿಕೊಂಡು ಒಬ್ಬೊಬ್ಬರೇ ಹೋಗುತ್ತಿದ್ದರು. ಇಲ್ಲಿನ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲಿಗೆ ಕಂದು ಕಲೆ ಬೀಳುತ್ತದೆ, ಹೆಚ್ಚು ಕಾಲ ಕುಡಿದವರ ಮೂಳೆ, ಕೀಲು ಬಿಗಿಯುತ್ತವೆ. ತುಂಗಭದ್ರಾ ಹಿನ್ನೀರಿನಿಂದ ಕುಡಿಯುವ ನೀರು ತರುವ ಯೋಜನೆಯನ್ನು ಈ ತಾಲ್ಲೂಕು ಹಾಗೆ ಕಾದದ್ದು ಸುಮ್ಮನೆ ಅಲ್ಲ.

ಕೊನೆಯ ದಿನ ಬೆಳಿಗ್ಗೆ ನಾಗಲಮಡಿಕೆ. ಉತ್ತರ ಪಿನಾಕಿನಿಯ ದಂಡೆ. ಕುಕ್ಕೆ ಆದಿ ಸುಬ್ರಹ್ಮಣ್ಯ, ಘಾಟಿ ಮಧ್ಯ ಸುಬ್ರಹ್ಮಣ್ಯ, ಇಲ್ಲಿಯದು ಅಂತ್ಯ ಸುಬ್ರಹ್ಮಣ್ಯ. ನದಿಯಲ್ಲಿ ಮರಳು. ದೇವಸ್ಥಾನದ ಅಂಗಳದಲ್ಲಿ ತಣ್ಣಗೆ ಕೂತು, ಅಲ್ಲಿಂದ ತಿರುಮಣಿ ಕಡೆ ಹೊರಟೆವು.

ದೂರದಿಂದ ಅದು ತುಂಬಿದ ಕೆರೆ. ಕಾರಿನಲ್ಲಿದ್ದ ನಾಲ್ವರೂ ಒಟ್ಟಿಗೆ ಹಾಗೆಂದೆವು. ಬಂಡೆಗುಡ್ಡಗಳ ನಡುವೆ ನೀಲಿಗಪ್ಪು ನೀರು ದಿಗಂತದವರೆಗೆ ಹರಡಿಕೊಂಡಂತೆ. ನಾಲ್ಕು ದಿನ ಬತ್ತಿದ ಕೆರೆಗಳನ್ನೇ ನೋಡುತ್ತಾ ಬಂದಿದ್ದ ಕಣ್ಣುಗಳಿಗೆ ಆ ಒಂದು ಗಳಿಗೆ ಎಷ್ಟು ಸಂತೋಷವಾಯಿತೆಂದರೆ, ಹತ್ತಿರ ಹೋಗಿ ಅದು ಗಾಜೆಂದು ಗೊತ್ತಾದಾಗ ಮಾತು ನಿಂತುಹೋಯಿತು. ತೆಲುಗಿನಲ್ಲಿ ಚೆರುವು ಎಂದರೆ ಕೆರೆ. ರಾಯಚರ್ಲು, ಕ್ಯಾತಗಾನಚರ್ಲು ಎಂಬ ಹೆಸರುಗಳು ಕಿವಿಗೆ ಬಿದ್ದಾಗೆಲ್ಲ ನನಗೆ ಆ ಚೆರುವೇ ಕೇಳಿಸುತ್ತದೆ.

ರಾಯಚರ್ಲು, ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚರ್ಲು, ಈ ಐದು ಹಳ್ಳಿಗಳ ಸುಮಾರು 13,000 ಎಕರೆ ಜಮೀನಿನಲ್ಲಿ ಹರಡಿದೆ ಪಾವಗಡ ಸೋಲಾರ್ ಪಾರ್ಕ್. ಬೆಂಗಳೂರಿನ ಲಾಲ್‌ಬಾಗ್ ಐವತ್ತಕ್ಕೂ ಹೆಚ್ಚು ಸಲ ಹಿಡಿಸುವಷ್ಟು ಜಾಗ. 2018ರ ಮಾರ್ಚ್ 1ರಂದು ಉದ್ಘಾಟನೆಯಾಯಿತು, 2019ರ ಕೊನೆಯ ಹೊತ್ತಿಗೆ 2,050 ಮೆಗಾವಾಟ್ ಸಾಮರ್ಥ್ಯ ಪೂರ್ತಿಯಾಯಿತು. ಜಗತ್ತಿನ ಅತಿ ದೊಡ್ಡ ಸೋಲಾರ್ ಪಾರ್ಕುಗಳ ಸಾಲಿಗೆ ಸೇರಿದ ಇದರ ನಿಜವಾದ ಹೊಸತನ ಜಮೀನಿನ ವಿಷಯದಲ್ಲಿದೆ. ಸರ್ಕಾರ ರೈತರಿಂದ ನೆಲ ಕಿತ್ತುಕೊಳ್ಳಲಿಲ್ಲ, ಕೊಳ್ಳಲೂ ಇಲ್ಲ. 28 ವರ್ಷಕ್ಕೆ ಗುತ್ತಿಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇಕಡ 5ರಷ್ಟು ಏರಿಕೆ. ಪಹಣಿಯಲ್ಲಿ ರೈತನ ಹೆಸರೇ ಉಳಿಯುತ್ತದೆ. ಮಳೆ ಬಂದರೆ ಕಡ್ಲೆಕಾಯಿ, ಬರದಿದ್ದರೆ ಬೆಂಗಳೂರಿಗೆ ಗುಳೆ ಎನ್ನುವಂತಿದ್ದ ಬದುಕಿಗೆ ಇದು ದೊಡ್ಡ ಆಸರೆ. ಹತ್ತೆಕರೆ ಇದ್ದವನಿಗೆ ವರ್ಷಕ್ಕೆ ಎರಡು ಲಕ್ಷ ಮೀರಿದ ಖಾತರಿ ಆದಾಯ. ಇದನ್ನು ಯಾರೂ ಹಗುರವಾಗಿ ಕಾಣಬಾರದು.

ಊರೊಳಗೆ ಹೋಗಿ ಕಟ್ಟೆಯ ಮೇಲೆ ಕೂತಾಗ ಇನ್ನೊಂದು ಲೆಕ್ಕವೂ ಕಾಣಿಸಿತು. ಜಮೀನೇ ಇಲ್ಲದವನಿಗೆ ಗುತ್ತಿಗೆ ಎಲ್ಲಿಯದು? ಹೊಲಗಳಿದ್ದಾಗ ಬಿತ್ತನೆ, ಕಳೆ, ಕಡ್ಲೆಕಾಯಿ ಕೀಳುವುದು, ಬಿಡಿಸುವುದು ಎಂದು ಕೂಲಿ ಇತ್ತು. ಕುರಿ ಮೇಯಿಸಲು ಬೀಳು ನೆಲ ಇತ್ತು. ಈಗ ತಂತಿಬೇಲಿ. ಸೋಲಾರ್ ಹಲಗೆ ತೊಳೆಯುವುದು, ಹುಲ್ಲು ಕೀಳುವುದು, ಕಾವಲು ಕಾಯುವುದು, ಇಷ್ಟೇ ಉಳಿದ ಕೆಲಸ, ಎಲ್ಲರಿಗೂ ಸಿಗದ ಕೆಲಸ. ನಮ್ಮೊಂದಿಗೆ ಮಾತಿಗೆ ಕೂತ ಹಿರಿಯರೊಬ್ಬರು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ತಮ್ಮ ಹೊಲ ಎಲ್ಲಿತ್ತು ಎಂದು ಬೇಲಿಯಾಚೆ ಬೆರಳು ಮಾಡಿ ತೋರಿಸಿದರು. ಎಲ್ಲ ಸಾಲೂ ಒಂದೇ ಥರ ಇದ್ದುದರಿಂದ ನಮಗೆ ಗುರುತು ಸಿಗಲಿಲ್ಲ. ಅವರಿಗೆ ಸಿಕ್ಕಿತು. ಅಲ್ಲೊಂದು ಬೇವಿನ ಮರ ಇತ್ತು, ಅದರ ಲೆಕ್ಕದಲ್ಲಿ ಹೇಳುತ್ತಿದ್ದೇನೆ ಎಂದರು. ಹಣ ಸರಿಯಾಗಿ ಬರುತ್ತದೆ, ಅದರಲ್ಲಿ ದೂರಿಲ್ಲ ಎಂದೂ ಹೇಳಿದರು. ಮನೆಯೊಳಗಿಂದ ಹುರಿದ ಕಡ್ಲೆಕಾಯಿ ತರಿಸಿ ಕೊಟ್ಟರು. ಎಲ್ಲಿಯದು ಎಂದು ಕೇಳಿದೆ. ಅಂಗಡಿಯದು.

ಬೆಳಿಗ್ಗೆ ಬೆಂಗಳೂರು ಬಿಟ್ಟು ನಾಲ್ಕು ಗಂಟೆಯಲ್ಲಿ ಇಲ್ಲಿಗೆ ಬಂದಿಳಿದಿದ್ದರೆ, ಆಹಾ ಎಷ್ಟು ದೊಡ್ಡ ಪಾರ್ಕು ಎಂದು ಹೋಗುತ್ತಿದ್ದೆವು. ಒದ್ದೆ ಕುರಿಯ ಕಥೆ ಕೇಳಿ, ಬಂಡೆಯ ಮೇಲಿಂದ ಕೆರೆಗಳ ಸರಪಳಿ ನೋಡಿ, ಕ್ಯಾನಿನ ಸಾಲು ದಾಟಿ ಬಂದದ್ದರಿಂದ, ಈ ಜನ ಯಾಕೆ ಒಪ್ಪಿ ಸಹಿ ಹಾಕಿದರು ಎಂಬುದೂ ತಿಳಿಯಿತು, ಯಾಕೆ ಆ ಬೇವಿನ ಮರದ ಲೆಕ್ಕ ಮರೆತಿಲ್ಲ ಎಂಬುದೂ ತಿಳಿಯಿತು.

ನೀವು ಹೋಗುವುದಾದರೆ ನವೆಂಬರಿನಿಂದ ಮಾರ್ಚ್ ಒಳಗೆ ಹೋಗಿ. ಕೊಕ್ಕರೆ ನೋಡಬೇಕೆಂದರೆ ಫೆಬ್ರುವರಿ ಕೊನೆ ಒಳ್ಳೆಯದು. ಸಿರಾ, ಮಧುಗಿರಿ, ಪಾವಗಡ ಮೂರೂ ಕಡೆ ಸಾಧಾರಣ ಲಾಡ್ಜುಗಳಿವೆ, ಅಷ್ಟು ಸಾಕು. ಕುಡಿಯುವ ನೀರು ಕಾರಿನಲ್ಲಿ ಸದಾ ಇರಲಿ. ರಾಯಚರ್ಲಿನಲ್ಲಿ ಬೇಲಿಯ ಮುಂದೆ ಫೋಟೊ ತೆಗೆದುಕೊಂಡು ತಿರುಗಿಬಿಡಬೇಡಿ. ಊರೊಳಗೆ ಹೋಗಿ, ಕಟ್ಟೆಯ ಮೇಲೆ ಕೂತು, ಯಾರ ಹೊಲ ಎಲ್ಲಿತ್ತು ಎಂದು ಕೇಳಿ.